ಸ್ಮಾರಕ ಬೇಡವೆಂದ ಗುರುವಿನ ಸ್ಮರಣೆ

ಶರಣಧರ್ಮದ ಅಷ್ಟಾವರಣಗಳಲ್ಲಿ ಗುರುವಿಗೆ ಮೊದಲ ಸ್ಥಾನ. ಇಷ್ಟಲಿಂಗವನ್ನು ಕರಸ್ಥಲಕ್ಕೆ ಕರುಣಿಸುವವನು ಗುರು. ಅದರ ಅರಿವನ್ನು ಮನದಲ್ಲಿ ನೆಲೆಗೊಳಿಸುವವನೂ ಗುರುವೇ. ಅಂತಹ ಗುರುವಿನ ಸನ್ನಿಧಿಯಲ್ಲಿ ಕೆಲವು ಕಾಲವಾದರೂ ಬಾಳಿದ ಪುಣ್ಯವಂತರಿಗೆ, ಆತನು ಬಯಲಾದ ಬಳಿಕ ಒಂದು ಪ್ರಶ್ನೆ ಎದುರಾಗುತ್ತದೆ: ಇನ್ನು ಗುರುವನ್ನು ಎಲ್ಲಿ ಕಾಣುವುದು? ವಿಜಯಪುರದ ಜ್ಞಾನಯೋಗಾಶ್ರಮದ ಪರಮಪೂಜ್ಯ ಶ್ರೀ ಸಿದ್ಧೇಶ್ವರ ಮಹಾಸ್ವಾಮಿಗಳವರು 2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ, ಲಿಂಗೈಕ್ಯರಾದಾಗ ಅಸಂಖ್ಯ ಭಕ್ತರ ಎದೆಯಲ್ಲಿ ಎದ್ದ ಪ್ರಶ್ನೆಯೂ ಇದೇ ಆಗಿತ್ತು.

ಪೂಜ್ಯರು ತಾವೂ ಗುರುಸೇವೆಯಿಂದಲೇ ರೂಪುಗೊಂಡವರು. ಬಿಜ್ಜರಗಿಯ ಒಕ್ಕಲು ಮನೆತನದಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲಿಯೇ ಶ್ರೀ ಮಲ್ಲಿಕಾರ್ಜುನ ಮಹಾಸ್ವಾಮಿಗಳವರ ಆಶ್ರಯಕ್ಕೆ ಬಂದರು. ಗುರುಗಳು ಊರೂರು ಸಂಚರಿಸಿ ಪ್ರವಚನ ಹೇಳುತ್ತಿದ್ದರೆ, ಬಾಲಶಿಷ್ಯರು ಜೊತೆಗಿದ್ದು ಆಲಿಸಿ ಬರೆದಿಟ್ಟುಕೊಳ್ಳುತ್ತಿದ್ದರು. ಆ ಬರಹವೇ ‘ಸಿದ್ಧಾಂತ ಶಿಖಾಮಣಿ’ಯನ್ನು ಕುರಿತ ಗ್ರಂಥವಾಗಿ ಹೊರಬಂದಾಗ ಅವರಿಗೆ 19 ವರ್ಷ. ಮುಂದೆ ಗುರುಗಳ ಅಪ್ಪಣೆಯಂತೆ ಕೊಲ್ಹಾಪುರದಲ್ಲಿ ತತ್ತ್ವಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದರು. ಅಲ್ಲಮಪ್ರಭುದೇವರ ವಚನಗಳಿಗೆ ನಿರ್ವಚನ ಬರೆದರು. ಇಷ್ಟಾದರೂ ಅವರ ಅಂಗಿಗೆ ಜೇಬು ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು ಸ್ವೀಕರಿಸಲಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ, ಸಂನ್ಯಾಸಿಯಾದ ತಮಗೆ ಪ್ರಶಸ್ತಿಗಳಲ್ಲಿ ಆಸಕ್ತಿಯಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಅದನ್ನು ಮರಳಿಸಿದರು.

ಭೀಮಾನದಿಯ ದಂಡೆಯಲ್ಲಿ, ಸನ್ನತಿಯ ಸೀಮೆಯ ಒಂದು ಹಳ್ಳಿಯಲ್ಲಿ, ತಾರುಣ್ಯದಲ್ಲಿ ಒಂದು ವರ್ಷ ಜ್ಞಾನಯೋಗಾಶ್ರಮದಲ್ಲಿ ಸೇವೆಗೈದ ಹಿರಿಯರೊಬ್ಬರಿದ್ದಾರೆ. ಶಾಲಾ ಮಾಸ್ತರರಾಗಿ ನಿವೃತ್ತರಾದವರು. ಆಶ್ರಮಕ್ಕೆ ಹೋಗುವಾಗ ಅವರ ಮನದಲ್ಲಿ ದೊಡ್ಡ ಆಸೆಯಿತ್ತು: ಅಪ್ಪಗಳು ಬಳಿಗೆ ಕರೆದು ಏನಾದರೂ ಗುಹ್ಯವಾದ ಸಾಧನೆಯನ್ನು ಬೋಧಿಸಿಯಾರು ಎಂದು. ಅವರಿಗೆ ದೊರೆತದ್ದು ಕಸಬರಿಗೆ. ನಸುಕಿನಲ್ಲಿ ಅಂಗಳ ಗುಡಿಸುವುದು, ದಾಸೋಹದಲ್ಲಿ ನೀರು ತುಂಬುವುದು, ಬಂದವರಿಗೆ ರೊಟ್ಟಿ ಬಡಿಸುವುದು, ಇದೇ ಅವರ ಕಾಯಕವಾಯಿತು. ತಿಂಗಳುಗಳು ಉರುಳಿದರೂ ಯಾವ ಗುಹ್ಯೋಪದೇಶವೂ ಆಗಲಿಲ್ಲ.

ಆದರೆ ಗುಡಿಸುತ್ತಿದ್ದ ಆ ಕಣ್ಣುಗಳು ನೋಡುತ್ತಿದ್ದವು. ನಿಗದಿಯಾದ ಸಮಯಕ್ಕೆ ಸರಿಯಾಗಿ ಪ್ರವಚನ ಆರಂಭವಾಗುವುದು; ಸಭೆಯಲ್ಲಿ ಸಾವಿರ ಜನರಿರಲಿ, ಹತ್ತು ಜನರಿರಲಿ, ದನಿ ಒಂದೇ ಮೆಲುಪಿನಲ್ಲಿ ಹರಿಯುವುದು; ಉಪನಿಷತ್ತು, ಗೀತೆ, ವಚನ, ಕ್ರಿಸ್ತ, ಬುದ್ಧ, ಎಲ್ಲವೂ ಅಲ್ಲಿ ಬರುವುದು, ಆದರೆ ಯಾರೊಬ್ಬರ ನಿಂದೆಯೂ ಬಾರದಿರುವುದು. ಜನ ಕೇಳಿ ಎದ್ದು ಹೋದ ಮೇಲೆ ಅದೇ ಶಾಂತಿ ಅವರ ನಡಿಗೆಯಲ್ಲಿಯೂ ಊಟದಲ್ಲಿಯೂ ಮೌನದಲ್ಲಿಯೂ ಇರುವುದು. ನುಡಿಗೂ ನಡೆಗೂ ನಡುವೆ ಬಿರುಕಿಲ್ಲದ ಬದುಕನ್ನು ಹತ್ತಿರದಿಂದ ಕಂಡದ್ದೇ ತಮಗಾದ ಉಪದೇಶವೆಂದು ಮಾಸ್ತರರಿಗೆ ಹೊಳೆದದ್ದು ಊರಿಗೆ ಮರಳಿದ ಎಷ್ಟೋ ವರ್ಷಗಳ ನಂತರ, ಮಕ್ಕಳ ಎದುರಿಗೆ ನಿಂತು ಪಾಠ ಹೇಳುವಾಗ.

ಪೂಜ್ಯರು ಲಿಂಗೈಕ್ಯರಾದ ಸುದ್ದಿ ಬಂದಾಗ ಆ ಹಳ್ಳಿಯಲ್ಲಿ ಅನೇಕರು ಒಲೆ ಹಚ್ಚಲಿಲ್ಲ. ಮರುದಿನ ಆಶ್ರಮದ ಆವರಣದಲ್ಲಿ ಅಗ್ನಿಸಂಸ್ಕಾರ ನಡೆಯಿತು. ಇದು ಹಲವು ಭಕ್ತರನ್ನು ಕಲಕಿತು. ಲಿಂಗಾಯತ ಸಂಪ್ರದಾಯದಲ್ಲಿ ದೇಹವನ್ನು ಭೂಮಿಗೆ ಒಪ್ಪಿಸುವುದು ರೂಢಿ. ಗುರುಗಳಾದರೆ ಗದ್ದುಗೆಯಾಗುತ್ತದೆ, ಗದ್ದುಗೆಯ ದರ್ಶನಕ್ಕೆ ತಲೆಮಾರುಗಳು ಬರುತ್ತವೆ. ಆದರೆ ಪೂಜ್ಯರು 2014ರ ಗುರುಪೂರ್ಣಿಮೆಯಂದೇ ‘ಅಂತಿಮ ಅಭಿವಂದನ ಪತ್ರ’ವನ್ನು ಬರೆದಿಟ್ಟಿದ್ದರು. ದೇಹವನ್ನು ಮಣ್ಣು ಮಾಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧವಿಧಿಗಳು ಬೇಡ, ಚಿತಾಭಸ್ಮವನ್ನು ನದಿ ಅಥವಾ ಸಾಗರದಲ್ಲಿ ವಿಸರ್ಜಿಸಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ಆಶಯ. ಅದರಂತೆ ಭಸ್ಮವು ಕೂಡಲಸಂಗಮದ ನೀರನ್ನೂ ಗೋಕರ್ಣದ ಕಡಲನ್ನೂ ಸೇರಿತು.

ಕೆಲವು ದಿನಗಳ ಮೇಲೆ ಹಳ್ಳಿಯ ಹಿರಿಯರು ಕೂಡಿ ಅಪ್ಪಗಳ ಹೆಸರಿನಲ್ಲಿ ಒಂದು ಮಂಟಪ ಕಟ್ಟಬೇಕೆಂದು ನಿಶ್ಚಯಿಸಿ ಪಟ್ಟಿ ಎತ್ತತೊಡಗಿದರು. ಅವರ ಭಕ್ತಿ ಸಾಚಾ ಆಗಿತ್ತು. ಮಾಸ್ತರರು ಆ ಪತ್ರವನ್ನು ಸಭೆಯಲ್ಲಿ ಓದಿದರು. ಓದಿ ಮುಗಿದಾಗ ಯಾರೂ ಮಾತನಾಡಲಿಲ್ಲ. ಕಡೆಗೆ ಮೂಲೆಯಲ್ಲಿ ಕುಳಿತ ಒಬ್ಬ ಮುದುಕಿ ಕೇಳಿದಳು: “ಮಾಸ್ತರ್ರೆ, ಹಂಗಾದ್ರ ಅಪ್ಪಗೋಳಿಗೆ ಕಾಯಿ ಎಲ್ಲಿ ಒಡಿಬೇಕ್ರಿ ನಾವು?”

ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಸಾಮಾನ್ಯ ಭಕ್ತನ ಪ್ರೀತಿಗೆ ಕೈಯಿಂದ ಮಾಡಲು ಒಂದು ಕೆಲಸ ಬೇಕು, ತಲೆ ಬಾಗಲು ಒಂದು ಜಾಗ ಬೇಕು. ಮಾಸ್ತರರು ತಡೆದು ಹೇಳಿದರು: “ಯವ್ವಾ, ಆ ಕಾಯಿ ಮನ್ಯಾಗ ಒಡೆದು ಓಣಿ ಮಕ್ಕಳಿಗಿ ಹಂಚು. ಅಪ್ಪಗೋಳಿಗಿ ಮುಟ್ತದ.”

ಈ ಮಾತಿಗೆ ಸನ್ನತಿಯ ನೆಲವೇ ಸಾಕ್ಷಿಯಾಗಿದೆ. ಶ್ರೀ ಚಂದ್ರಲಾಂಬಾ ದೇವಿಯ ಆ ಕ್ಷೇತ್ರದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕ ಚಕ್ರವರ್ತಿಯ ಶಾಸನ ಕಾಣಿಸಿತು. ಪರಧರ್ಮವನ್ನು ಹಳಿಯದೆ ನಾಲಗೆಯನ್ನು ಹಿಡಿತದಲ್ಲಿಡಬೇಕೆಂದು ಬೋಧಿಸುವ ಹನ್ನೆರಡನೆಯ ಶಾಸನವೂ ಅದರಲ್ಲಿದೆ. ಚಕ್ರವರ್ತಿಯು ಚಿರಕಾಲ ಉಳಿಯಲೆಂದು ಬರೆಯಿಸಿದ ಆ ಶಿಲೆಯ ನಡುವೆ, ಲಿಪಿಯನ್ನು ಓದಬಲ್ಲವರಿಲ್ಲದ ಕಾಲದಲ್ಲಿ, ವಿಗ್ರಹ ನಿಲ್ಲಿಸಲು ಕುಳಿ ಕೊರೆದರು. ಕಲ್ಲು ಉಳಿಯಿತು, ಪೂಜೆಯೂ ಸಂದಿತು; ಮಾತು ಮಾತ್ರ ಮರೆತುಹೋಯಿತು. ಕಲ್ಲಿಗೆ ಒಪ್ಪಿಸಿದ ನೆನಪನ್ನು ಕಲ್ಲು ಹೊತ್ತಿರಬಲ್ಲದೇ ಹೊರತು ಬಾಳಲಾರದು.

ಬಸವಣ್ಣನವರು ಸ್ಥಾವರ ಮತ್ತು ಜಂಗಮಗಳ ಅಂತರವನ್ನು ತಿಳಿಸುವಲ್ಲಿ ಅಡಗಿರುವ ಅರ್ಥವೂ ಇದೇ. ಅಲ್ಲಿ ಸ್ಥಾವರವೆಂದರೆ ಬರಿಯ ಕಟ್ಟಡವಲ್ಲ, ನಿಂತುಹೋದದ್ದೆಲ್ಲವೂ ಸ್ಥಾವರ. ಆಚರಣೆಗೆ ಬಾರದ ವಚನಪಠಣವೂ ಸ್ಥಾವರವೇ. ಜಂಗಮವೆಂದರೆ ಚಲಿಸುವ ಚೈತನ್ಯ. ಒಬ್ಬರ ನಡೆಯಿಂದ ಇನ್ನೊಬ್ಬರ ನಡೆಗೆ ಹರಿದುಹೋಗುವ ಅರಿವು. ಅಲ್ಲಮಪ್ರಭುದೇವರ ಬಯಲನ್ನು ಜೀವಮಾನವಿಡೀ ವಿವರಿಸಿದ ಗುರುಗಳು ಕೊನೆಗೆ ತಮ್ಮ ದೇಹದಿಂದಲೇ ಆ ವಚನಗಳಿಗೆ ವ್ಯಾಖ್ಯಾನ ಬರೆದರು.

ಆ ಹಳ್ಳಿಯಲ್ಲಿ ಮಂಟಪವಾಗಲಿಲ್ಲ. ಕೂಡಿದ ಅಲ್ಪ ಹಣದಿಂದ ಶಾಲೆಗೆ ಪುಸ್ತಕಗಳು ಬಂದವು. ಪ್ರತಿದಿನ ಬೆಳಗಿನ ಆರು ಗಂಟೆಗೆ ಅರ್ಧ ತಾಸು ವಚನಚಿಂತನೆ ನಡೆಯುತ್ತದೆ. ಕೆಲವು ದಿನ ಮೂವತ್ತು ಜನ, ಕೆಲವು ದಿನ ನಾಲ್ವರು. ಮಂಟಪವಾಗಲಿಲ್ಲವೆಂಬ ಕೊರಗು ಇನ್ನೂ ಉಳಿದವರಿದ್ದಾರೆ. ಅವರ ಮೇಲೆ ಯಾರಿಗೂ ಸಿಟ್ಟಿಲ್ಲ. ಆ ಮುದುಕಿ ಏಕಾದಶಿಗೊಮ್ಮೆ ಓಣಿಯ ಮಕ್ಕಳನ್ನು ಕರೆದು ಕೊಬ್ಬರಿ ಬೆಲ್ಲ ಹಂಚುತ್ತಾಳೆ. ಮಾಸ್ತರರು ನಾಲ್ವರೇ ಬಂದ ದಿನವೂ ಸಮಯ ಮೀರದೆ ಆರಂಭಿಸುತ್ತಾರೆ, ಯಾರನ್ನೂ ಹಳಿಯದೆ, ದನಿ ಏರಿಸದೆ ಮಾತನಾಡುತ್ತಾರೆ.

ಕೂಡಲಸಂಗಮದಿಂದ ಹರಿದ ಕೃಷ್ಣೆ ಮುಂದೆ ರಾಯಚೂರಿನ ಸೀಮೆಯಲ್ಲಿ ಸನ್ನತಿಯನ್ನು ದಾಟಿ ಬರುವ ಭೀಮೆಯನ್ನು ಕೂಡಿಕೊಳ್ಳುತ್ತಾಳೆ. ಸದ್ಭಕ್ತರು ಗುರುವನ್ನು ಹರಿಯುವುದರಲ್ಲಿ ಅರಸಲಿ. ತಮ್ಮ ನಡೆಯಲ್ಲಿ ಕಾಣಲಿ.