ಎರೆನಾಡಿನ ಊಟ

ಎರೆಭೂಮಿಯ ನಾಡಿನಲ್ಲಿ ಊಟವೆಂದರೆ ರೊಟ್ಟಿ. ಅನ್ನವು ಅಲ್ಲಿ ರೊಟ್ಟಿಯಾದ ಮೇಲೆ, ಕಡೆಯಲ್ಲಿ, ಮಜ್ಜಿಗೆಯೊಡನೆ ಬರುವ ಅತಿಥಿಯಾಗಿತ್ತು. ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲಿನಲ್ಲಾಗಲಿ, ಕಲಬುರಗಿ, ಬಾಗಲಕೋಟೆ, ಗದಗ ಜಿಲ್ಲೆಗಳ ಕರಿಮಣ್ಣಿನಲ್ಲಾಗಲಿ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳವು ಅನಂತರ ಮಳೆಯ ಮುಖವನ್ನು ಹೆಚ್ಚಾಗಿ ಕಾಣುವುದಿಲ್ಲ. ಭೂಮಿಯು ತನ್ನೊಡಲಲ್ಲಿ ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆದು ಫೆಬ್ರವರಿ-ಮಾರ್ಚಿನ ಹೊತ್ತಿಗೆ ತೆನೆ ಕೊಡುತ್ತದೆ. 1964ರಲ್ಲಿ ಮೊದಲ ಸಂಕರಣ ತಳಿ ಬಂದ ಮೇಲೆ ಮುಂಗಾರಿನ ಹೈಬ್ರಿಡ್ ಜೋಳವು ಇಳುವರಿಯಲ್ಲಿ ಮೇಲುಗೈ ಸಾಧಿಸಿತಾದರೂ ರೊಟ್ಟಿ ಬಡಿಯುವ ಕೈಗಳು ಅದನ್ನು ಮನಸಾರೆ ಒಪ್ಪಲಿಲ್ಲ. ಇಳುವರಿಯ ಲೆಕ್ಕ ಬೇರೆ, ಹಂಚಿನ ಮೇಲಿನ ಲೆಕ್ಕ ಬೇರೆ.

ಈ ನಾಡಿನ ಹಳೆಯ ಊಟದ ತಾಟನ್ನು ಒಮ್ಮೆ ಗಮನಿಸಬೇಕು. ಎರಡು ರೊಟ್ಟಿ, ಮಡಕಿ ಕಾಳು ಇಲ್ಲವೆ ಹೆಸರುಕಾಳಿನ ಪಲ್ಯ, ಪುಂಡಿ, ರಾಜಗಿರಿ, ಸಬ್ಬಸಿಗೆಗಳಲ್ಲಿ ಆ ದಿನ ಸಿಕ್ಕ ಸೊಪ್ಪು, ಒಂದು ಚಮಚ ಶೇಂಗಾ ಹಿಂಡಿ ಅಥವಾ ಅಗಸಿ ಹಿಂಡಿ, ಹಸಿಯಾಗಿಯೇ ತಿನ್ನುವ ಮೆಂತ್ಯದ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ, ಗಟ್ಟಿ ಮೊಸರು ಅಥವಾ ಮಜ್ಜಿಗೆ. ಇದನ್ನು ಯಾವ ಪಂಡಿತರೂ ಕುಳಿತು ಲೆಕ್ಕ ಹಾಕಿ ರಚಿಸಿದ್ದಲ್ಲ. ಹೊಲದಲ್ಲಿ ಜೋಳದ ನಡುನಡುವೆ ಕಡಲೆ, ಕುಸುಬೆ, ಅಗಸೆಗಳ ಅಕ್ಕಡಿ ಸಾಲು ಹಾಕುವ ಪದ್ಧತಿಯೇ ಅಡುಗೆಮನೆಗೂ ನಡೆದು ಬಂದಿದೆ.

ಆದರೆ ಲೆಕ್ಕ ಹಾಕಿದವರಿಗೂ ಇದರಲ್ಲಿ ಅರ್ಥ ಕಂಡಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ ಪದಾರ್ಥವೂ, ಅಷ್ಟೇ ಪ್ರಮಾಣದ ನಾರಿನಂಶವೂ, ಸುಮಾರು 4 ಮಿಲಿಗ್ರಾಂ ಕಬ್ಬಿಣವೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣವು ಒಂದು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಆದರೂ ಜೋಳವೊಂದೇ ಸಾಲದು. ಅದರ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೇರಳವಾಗಿದೆ, ಕಾಳುಗಳ ಕೊರತೆಯನ್ನು ಜೋಳ ತುಂಬುತ್ತದೆ. ಒಂದರ ಬೆನ್ನಿಗೆ ಇನ್ನೊಂದು ನಿಂತಾಗಲೇ ಊಟ ಪೂರ್ಣವಾಗುತ್ತದೆ. ಜೋಳವನ್ನು ಹೊಗಳುವ ಭರದಲ್ಲಿ ಮರೆಯಬಾರದ ಒಂದು ಕಹಿ ಸಂಗತಿಯೂ ಇದೆ. ದಖ್ಖನ್ನಿನ ಬಡ ಕುಟುಂಬಗಳಲ್ಲಿ, ಜೋಳದ ಹೊರತು ಬೇರೇನೂ ಸಾಕಷ್ಟು ದೊರೆಯದವರಲ್ಲಿ, ಚರ್ಮ ಕಪ್ಪಿಟ್ಟು ಬಿರಿಯುವ, ಬುದ್ಧಿ ಮಂಕಾಗುವ ಪೆಲಗ್ರಾ ಎಂಬ ರೋಗವು ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಟಯ್ಯ ಅವರು 1960ರ ಸುಮಾರಿಗೆ ಇದನ್ನು ಅಭ್ಯಸಿಸಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಇದಕ್ಕೆ ಒಂದು ಕಾರಣವಿರಬೇಕೆಂಬ ವಾದವನ್ನು ಮುಂದಿಟ್ಟರು. ಹಾಲು, ಕಾಳು, ಸೊಪ್ಪುಗಳನ್ನು ಕಂಡ ತಾಟಿನ ಹತ್ತಿರ ಆ ರೋಗ ಸುಳಿಯುತ್ತಿರಲಿಲ್ಲ. ರೊಟ್ಟಿ ಜೀವ ಉಳಿಸುತ್ತದೆ ನಿಜ. ಆರೋಗ್ಯವನ್ನು ಉಳಿಸುವುದು ರೊಟ್ಟಿಯ ಜೊತೆಗಿರುವವು.

ಕಾಲ ಬದಲಾಗಿ ಈ ತಾಟಿನೊಳಗೆ ಅಕ್ಕಿ ಮುಂದೆ ಬಂದು ಕುಳಿತಿದೆ. ಪಡಿತರದ ಅಕ್ಕಿ ಹಸಿವನ್ನು ಕಳೆದಿದೆ. 2013ರ ಜುಲೈ ತಿಂಗಳಲ್ಲಿ ಆರಂಭವಾದ ಅನ್ನಭಾಗ್ಯವು ಎಷ್ಟೋ ಗುಡಿಸಲುಗಳಲ್ಲಿ ಒಲೆ ಆರದಂತೆ ನೋಡಿಕೊಂಡಿದೆ. ಅದನ್ನು ಹಳಿಯುವವರು ಹಸಿದು ಮಲಗಿದವರಲ್ಲ. ದೋಷ ಅಕ್ಕಿಯದಲ್ಲ, ಅಕ್ಕಿ ಬಂದಾಗ ಅದರೊಡನೆ ಕಾಳು, ಸೊಪ್ಪು, ಹಿಂಡಿಗಳು ಬರಲಿಲ್ಲವೆಂಬುದೇ ತೊಡಕು. ಅನ್ನಕ್ಕೆ ತೆಳ್ಳನೆಯ ಸಾರು ಸಾಕು. ರೊಟ್ಟಿಗಾದರೋ ಪಲ್ಯ ಬೇಕೇ ಬೇಕು. ರೊಟ್ಟಿ ಹೋದ ಮನೆಯಿಂದ ಪಲ್ಯವೂ ಸದ್ದಿಲ್ಲದೆ ಹೊರಟುಹೋಯಿತು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ಓದುವುದಕ್ಕಿಂತ ಒಂದು ಮನೆಯಲ್ಲಿ ನೋಡುವುದು ಮೇಲು. ಡೋಣಿ ಸಾಲಿನ ಒಂದು ಹಳ್ಳಿಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮುಂಜಾನೆಯ ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಕತ್ತಲಿಟ್ಟು ಕುಸಿದಳು. ಲೆಕ್ಕದಲ್ಲಿ ಮುಂದಿದ್ದವಳು ಹಿಂದೆ ಬಿದ್ದಿದ್ದಳು; ಓದಲು ಕುಳಿತರೆ ನಿದ್ದೆ, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಸೋಮಾರಿತನವೆಂದರು. ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚುವ ಮಾತೂ ನಡೆದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 8.4 ಎಂದು ತಿಳಿಯಿತು. ಆ ವಯಸ್ಸಿಗೆ ಅದು 12ಕ್ಕಿಂತ ಕೆಳಗಿರಬಾರದು. ಜೊತೆಗೆ ಬಂದಿದ್ದ ಅಜ್ಜಿ ಗಾಬರಿಯಿಂದ, "ಬಾಯಾರ, ಮನ್ಯಾಗ ಅನ್ನಕ್ಕೇನೂ ಕಡಿಮಿಲ್ರಿ" ಎಂದಳು. ವೈದ್ಯೆಯು ನಕ್ಕು, "ಅನ್ನಕ್ಕ ಕಡಿಮಿಲ್ಲ ಖರೆ ಅಜ್ಜಿ, ಅನ್ನದ ಜೋಡಿ ಏನೈತಿ ಹೇಳು" ಎಂದು ಕೇಳಿದರು. ಅಜ್ಜಿಯ ಬಳಿ ಉತ್ತರವಿರಲಿಲ್ಲ. ತಾಯಿ ಬೆಳಗಾಗುವ ಮುಂಚೆ ಕೂಲಿಗೆ ಹೊರಡುವವಳು. ಹುಡುಗಿ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದು ಶಾಲೆಗೆ ಹೋಗುವವಳು.

ಇಂಥವಳು ಒಬ್ಬಳಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನರೆಂದು ಹೇಳಿದೆ.

ವೈದ್ಯೆ ಕೊಟ್ಟದ್ದು ಕಬ್ಬಿಣಾಂಶದ ಗುಳಿಗೆ ಮತ್ತು ಜಂತುಹುಳದ ಗುಳಿಗೆ. ಇಷ್ಟು ಇಳಿದ ರಕ್ತವನ್ನು ಕೇವಲ ಸೊಪ್ಪು ತಿನ್ನಿಸಿ ಏರಿಸುತ್ತೇವೆಂಬುದು ಭ್ರಮೆ. ಗುಳಿಗೆ ಬೇಕೇ ಬೇಕು, ಅದೂ ತಿಂಗಳುಗಟ್ಟಲೆ. ಆದರೆ ಗುಳಿಗೆ ನಿಂತ ಮೇಲೆ ರಕ್ತ ಮತ್ತೆ ಇಳಿಯದಂತೆ ಕಾಯುವುದು ಅಡುಗೆಮನೆಯ ಕೆಲಸ. ಗುಳಿಗೆಯನ್ನು ಹಾಲು-ಚಹಾಗಳೊಡನೆ ನುಂಗದೆ ಲಿಂಬೆಹಣ್ಣಿನ ನೀರಿನೊಡನೆ ನುಂಗಬೇಕು, ಊಟದ ಹಿಂದೆ-ಮುಂದೆ ಒಂದು ತಾಸು ಚಹಾ ಕುಡಿಯಬಾರದು ಎಂದು ಆಕೆ ಹೇಳಿಕಳಿಸಿದರು. ಚಹಾದಲ್ಲಿನ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆಯ ಹುಳಿ ಹತ್ತಿಸುತ್ತದೆ. ಊಟವಾದೊಡನೆ ಚಹಾ ಎನ್ನುವ ಊರಿನಲ್ಲಿ ಇದನ್ನು ನಡೆಸುವುದು ಗುಳಿಗೆ ನುಂಗುವುದಕ್ಕಿಂತ ಕಠಿಣವಾಯಿತು.

ಅಜ್ಜಿ ಮನೆಗೆ ಬಂದವಳೇ ಮಡಕಿ ಕಾಳು ನೆನೆಹಾಕಿದಳು. ರಾತ್ರಿ ನೆನೆದ ಕಾಳನ್ನು ಮುಂಜಾನೆ ಬಸಿದು, ಒದ್ದೆ ಅರಿವೆಯಲ್ಲಿ ಬಿಗಿಯಾಗಿ ಕಟ್ಟಿ ತೂಗುಹಾಕಿದರೆ ಮರುದಿನಕ್ಕೆ ಬಿಳಿಯ ಮೊಳಕೆ ಇಣುಕುತ್ತದೆ. ಮೊಳೆತ ಕಾಳಿನಲ್ಲಿ ಸಿ ಜೀವಸತ್ವ ಹುಟ್ಟಿಕೊಳ್ಳುತ್ತದೆ, ಕಬ್ಬಿಣವನ್ನು ಕಟ್ಟಿಹಾಕುವ ಅಂಶವೂ ಕುಂದುತ್ತದೆ. ಇದಕ್ಕೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ, ಉಪ್ಪು ಬೆರೆಸಿ ಲಿಂಬೆಹಣ್ಣು ಹಿಂಡಿದರೆ ಒಲೆಯ ಹಂಗೂ ಇಲ್ಲ. ಹೊಟ್ಟೆ ನಾಜೂಕಾದವರು ಐದು ನಿಮಿಷ ಹಬೆಯಲ್ಲಿ ಬೇಯಿಸಿಕೊಳ್ಳುವುದು ಲೇಸು.

ಪುಂಡಿ ಪಲ್ಯವನ್ನು ಎರಡು ದಿನಕ್ಕೊಮ್ಮೆ ಮಾಡತೊಡಗಿದಳು. ಸೊಪ್ಪನ್ನು ದಂಟಿನಿಂದ ಬಿಡಿಸಿ, ತೊಳೆದು, ಸ್ವಲ್ಪ ನೀರಿನಲ್ಲಿ ಬೇಯಿಸಬೇಕು. ಒಂದು ಹಿಡಿ ತೊಗರಿಬೇಳೆ, ಅರ್ಧ ಹಿಡಿ ಜೋಳದ ನುಚ್ಚು, ನಾಲ್ಕು ಹಸಿಮೆಣಸಿನಕಾಯಿಗಳನ್ನು ಬೇರೆಯಾಗಿ ಮೆತ್ತಗೆ ಬೇಯಿಸಿ, ಸೊಪ್ಪಿನೊಡನೆ ಕೂಡಿಸಿ ಉಪ್ಪು ಹಾಕಿ ಕಡೆಯಬೇಕು. ಮೇಲೆ ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆ. ಸೊಪ್ಪೇ ಹುಳಿಯಾದ್ದರಿಂದ ಹುಣಸೆಹಣ್ಣು ಬೇಡ. ಈ ಒಂದು ಪಾತ್ರೆಯಲ್ಲಿ ಧಾನ್ಯ, ಬೇಳೆ, ಸೊಪ್ಪು ಮೂರೂ ಸೇರಿವೆ. ಮಾರನೆಯ ದಿನ ಇದರ ರುಚಿ ಹೆಚ್ಚೆಂದು ವಾದಿಸುವವರೂ ಇದ್ದಾರೆ, ಅವರ ಮಾತು ಸುಳ್ಳಲ್ಲ.

ಇಷ್ಟಾದರೂ ರೊಟ್ಟಿಯ ಪ್ರಶ್ನೆ ಉಳಿಯಿತು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಜಿಗುಟು ಇಲ್ಲ. ಕುದಿಯುವ ಎಸರನ್ನು ಹೊಯ್ದು ನಾದಿದಾಗಲೇ ಅದು ಕೈಗೆ ಬರುತ್ತದೆ. ಬೀಸಿ ಬಹುದಿನವಾದ ಹಿಟ್ಟು ಅಂಚಿನಲ್ಲಿ ಬಿರಿಯುತ್ತದೆ. ಆಳಿಗೆ ಎರಡರಂತೆ ಆರು ಮಂದಿಗೆ ಎರಡು ಹೊತ್ತು ಬಡಿದರೆ ದಿನಕ್ಕೆ 24 ರೊಟ್ಟಿ. ಕೂಲಿಯಿಂದ ಸೋತು ಬಂದ ಹೆಣ್ಣುಮಗಳಿಗೆ ಸಂಪ್ರದಾಯದ ಹಿರಿಮೆಯನ್ನು ಬೋಧಿಸುವುದು ಸುಲಭ. ಹೊಗೆಯ ಮುಂದೆ ಕೂರುವುದು ಸುಲಭವಲ್ಲ. ರೊಟ್ಟಿ ಮರೆಯಾದುದಕ್ಕೆ ನಾಲಿಗೆಯ ಚಾಪಲ್ಯವೇ ಕಾರಣವೆನ್ನುವವರು ಈ 24ರ ಲೆಕ್ಕವನ್ನು ಮಾಡಿಲ್ಲ. ಆ ಮನೆಯಲ್ಲಿ ಉಪಾಯ ಹೊಳೆದದ್ದು ತಂದೆಗೆ. ವಾರಕ್ಕೆ ಒಂದು ದಿನ ಎಲ್ಲರೂ ಕುಳಿತು ರೊಟ್ಟಿ ಮಾಡಿ ಒಣಗಿಸಿಡುವುದೆಂದು ಗೊತ್ತಾಯಿತು. ಎಸರಿಡುವುದು, ನಾದುವುದು, ಬೇಯಿಸುವುದು ಗಂಡಸರ ಪಾಲು, ಬಡಿಯುವುದಷ್ಟೇ ಹೆಂಗಸರದು. ಮೊದಮೊದಲು ಓಣಿಯವರು ನಕ್ಕರು. ಉಳಿದ ದಿನಗಳಲ್ಲಿ ಜೋಳದ ನುಚ್ಚನ್ನು ಬೇಯಿಸಿ ಮಜ್ಜಿಗೆ ಬೆರೆಸಿ ಉಣ್ಣುವುದು. ಅದಕ್ಕೆ ಬೇಕಾದುದು ಒಂದು ಪಾತ್ರೆ, ಅರ್ಧ ತಾಸು. ಪಡಿತರದ ಅಕ್ಕಿಯೂ ರಾತ್ರಿಯ ಊಟದಲ್ಲಿ ತನ್ನ ಸ್ಥಾನವನ್ನು ಉಳಿಸಿಕೊಂಡಿತು. ಆರು ತಿಂಗಳ ಮೇಲೆ ಹುಡುಗಿಯ ರಕ್ತ 11.6ಕ್ಕೆ ಏರಿತ್ತು. ಇನ್ನೂ 12 ಆಗಿರಲಿಲ್ಲ, ಗುಳಿಗೆ ಮುಂದುವರಿಯಿತು. ಶಾಲೆ ಬಿಡಿಸುವ ಮಾತು ಮಾತ್ರ ನಿಂತಿತ್ತು.

ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಪಟ್ಟಣದ ಅಂಗಡಿಗಳಲ್ಲಿ ಜೋಳದ ಬಿಸ್ಕತ್ತು, ರಾಗಿಯ ಕೇಕುಗಳು ಕಾಣಿಸಿಕೊಂಡವು. ಸಕ್ಕರೆ ಮತ್ತು ವನಸ್ಪತಿಯ ನಡುವೆ ಒಂದು ಹಿಡಿ ಜೋಳವನ್ನು ಸೇರಿಸಿದ ಮಾತ್ರಕ್ಕೆ ತಿಂಡಿಯು ಪಥ್ಯವಾಗುವುದಿಲ್ಲ. ಬೆಲ್ಲವೂ ಸಕ್ಕರೆಯ ಸೋದರನೇ. ಶೇಂಗಾ ಹೋಳಿಗೆ, ಮಾದಲಿಗಳು ಹಬ್ಬಕ್ಕೆ ಶೋಭೆ, ನಿತ್ಯಕ್ಕಲ್ಲ. ಉತ್ತರ ಕರ್ನಾಟಕದ ನಾಲಿಗೆಯ ಮೇಲೂ ಒಂದೆರಡು ದೂರುಗಳಿವೆ: ಎಣ್ಣೆಗಾಯಿಯಲ್ಲಿ ತೇಲುವ ಎಣ್ಣೆ, ಸಂಜೆಯ ಗಿರ್ಮಿಟ್ಟಿನ ಮಗ್ಗುಲಲ್ಲಿ ತಪ್ಪದ ಮಿರ್ಚಿ, ತಾಟಿನ ಅಂಚಿನಲ್ಲಿ ಮತ್ತೆ ಬಡಿಸುವ ಉಪ್ಪು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಸಣ್ಣದೊಂದು ಚಮಚ, ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಸೇರಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಧಾನ್ಯಗಳಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 45ನ್ನು ಮೀರಬಾರದು. ಮೂರನೆಯ ರೊಟ್ಟಿಗೆ ಕೈ ಚಾಚುವ ಮುನ್ನ ಪಲ್ಯವನ್ನು ಇನ್ನೊಮ್ಮೆ ಬಡಿಸಿಕೊಳ್ಳುವುದು ಈ ಮಾತಿನ ಸರಳ ಅನುವಾದ.

ಊರಿನಿಂದ ವಸತಿನಿಲಯಕ್ಕೆ ಹೊರಡುವ ಮಕ್ಕಳ ಗಂಟಿನಲ್ಲಿ ಕಟಿರೊಟ್ಟಿ ಮತ್ತು ಹಿಂಡಿಯ ಡಬ್ಬಿ ಇರುವುದು ಹಳೆಯ ರೂಢಿ. ಅಗಸಿ ಹಿಂಡಿ ಮಾಡುವವರು ಅಗಸೆಯನ್ನು ಸಣ್ಣ ಉರಿಯಲ್ಲಿ ಚಟಪಟಗುಟ್ಟುವವರೆಗೆ ಹುರಿದು, ಆರಿದ ಮೇಲೆ ಹುರಿದ ಒಣಮೆಣಸಿನಕಾಯಿ, ಜೀರಿಗೆ, ಬಳ್ಳೊಳ್ಳಿ, ಉಪ್ಪು, ಬೆಳವಲದಷ್ಟಲ್ಲದಿದ್ದರೂ ನೆಲ್ಲಿಕಾಯಿಯಷ್ಟು ಒಣ ಹುಣಸೆಹಣ್ಣು ಸೇರಿಸಿ ಕುಟ್ಟಬೇಕು. ಇಡಿಯ ಕಾಳು ಜೀರ್ಣವಾಗದೆ ಹಾಗೆಯೇ ಹೊರಹೋಗುವುದರಿಂದ ಕುಟ್ಟುವುದು ಅವಶ್ಯ. ಕುಟ್ಟಿದ ಮೇಲೆ ಅದರ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ. ಆದುದರಿಂದ ಶೇಂಗಾ ಹಿಂಡಿಯನ್ನು ತಿಂಗಳಿಗಾಗುವಷ್ಟು ಕಟ್ಟಿಕೊಟ್ಟರೂ ಅಗಸಿಯದನ್ನು ಎರಡು ವಾರಕ್ಕೆ ಸಾಲುವಷ್ಟೇ ಕೊಟ್ಟು, ಮುಂದಿನ ಬಸ್ಸಿಗೆ ಮತ್ತೆ ಕಳಿಸುವುದು ಒಳಿತು.