ನಮ್ಮ ಸ್ಪ್ಯಾನಿಷ್ ಪಾಠ

ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಮತ್ತೊಮ್ಮೆ ವಿದ್ಯಾರ್ಥಿಯಾದೆವೆಂದರೆ ವಾಚಕರು ನಗಬಹುದು. ಅರುವತ್ತರ ಸಂಸ್ಕೃತ ಪಂಡಿತನಿಗೆ ಸ್ಪೇನ್ ದೇಶದ ಭಾಷೆಯೇಕೆಂದು ನೆರೆಯವರು ಕೇಳಿಯೂ ಕೇಳಿದರು. ಕಾರಣವಿಷ್ಟೆ: ನಮ್ಮ ಮಗನು ಮಾಡ್ರಿಡ್ ನಗರದಲ್ಲಿ ಉದ್ಯೋಗದಲ್ಲಿರುವನು. ಅಲ್ಲಿಯೇ ಹುಟ್ಟಿ ಬೆಳೆದ ಐದು ವರ್ಷದ ಮೊಮ್ಮಗಳಿಗೆ 'ತಾತ', 'ಅಜ್ಜಿ', 'ಊಟ' ಎಂಬ ಮೂರು ಮಾತುಗಳ ಹೊರತು ಕನ್ನಡವು ಬಾರದು. ದೂರವಾಣಿಯಲ್ಲಿ ಪರಸ್ಪರ ನಗುವುದೇ ನಮ್ಮ ಸಂಭಾಷಣೆಯಾಗಿದ್ದಿತು.

ವ್ಯಾಕರಣವನ್ನು ತೆರೆದಾಗ ಪರಸ್ಥಳಕ್ಕೆ ಬಂದಂತೆ ನಮಗೆ ತೋರಲಿಲ್ಲ. 'ಆಬ್ಲೊ' ಎಂದರೆ ಮಾತನಾಡುತ್ತೇನೆ, 'ಆಬ್ಲಾಸ್' ಎಂದರೆ ಮಾತನಾಡುತ್ತೀಯೆ. 'ವದಾಮಿ', 'ವದಸಿ' ಎಂಬಲ್ಲಿರುವಂತೆ ಕ್ರಿಯಾಪದದ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ಸರ್ವನಾಮವನ್ನು ಬಿಡಬಹುದು. ಗೌರವಕ್ಕೆ 'ಉಸ್ತೆದ್' ಎಂಬ ಶಬ್ದವುಂಟು. ಎದುರಿಗಿರುವವರನ್ನೇ ಕುರಿತದ್ದಾದರೂ ಅದರ ಕ್ರಿಯಾಪದವು ಪ್ರಥಮಪುರುಷದಲ್ಲಿರತಕ್ಕದ್ದು. ಸಂಸ್ಕೃತದ 'ಭವಾನ್' ಶಬ್ದದ ನಡೆಯೂ ಇದೇ ಅಲ್ಲವೆ? ಮನೆಯೆಂಬ 'ಕಾಸಾ' ಸ್ತ್ರೀಲಿಂಗ, ಪುಸ್ತಕವೆಂಬ 'ಲೀಬ್ರೊ' ಪುಲ್ಲಿಂಗ. ಬಿಳಿಯ ಮನೆ 'ಕಾಸಾ ಬ್ಲಾಂಕಾ', ಬಿಳಿಯ ಪುಸ್ತಕ 'ಲೀಬ್ರೊ ಬ್ಲಾಂಕೊ'. ಇಂತಹ ವಿಶೇಷಣವು ವಿಶೇಷ್ಯದ ಬಳಿಕ ಬಂದು ಅದರ ಲಿಂಗವಚನಗಳನ್ನು ಅನುಸರಿಸುವುದು. ಪತ್ನೀವಾಚಕವಾದ 'ದಾರ' ಶಬ್ದವನ್ನು ಪುಲ್ಲಿಂಗದಲ್ಲಿ ಕಲಿಸಿದವರಿಗೆ ಇದೇನು ಆಶ್ಚರ್ಯ! ವಾಕ್ಯದಲ್ಲಿ ಮಾತ್ರ ಕ್ರಿಯಾಪದವು ಕಡೆಗೆ ನಿಲ್ಲದೆ ನಡುವೆ ಬರುತ್ತದೆ: 'ಯೋ ಕೋಮೊ ಪಾನ್', ಅಂದರೆ, ನಾನು ತಿನ್ನುತ್ತೇನೆ ರೊಟ್ಟಿಯನ್ನು. ನಿಷೇಧಕ್ಕೆ ಕ್ರಿಯಾಪದದ ಮೊದಲು 'ನೋ' ಎಂದರೆ ಸಾಕು.

ತೊಡಕಾದುದು ಒಂದೇ. 'ಇರು' ಎಂಬರ್ಥಕ್ಕೆ ಅವರಲ್ಲಿ 'ಸೆರ್', 'ಎಸ್ತಾರ್' ಎಂದು ಎರಡು ಧಾತುಗಳು. ಮೊದಲನೆಯದರ 'ಎಸ್' ಎಂಬ ರೂಪವು ನಮ್ಮ 'ಅಸ್ತಿ'ಗೂ, ಎರಡನೆಯದು 'ಸ್ಥಾ' ಧಾತುವಿಗೂ ದೂರದ ಬಂಧುಗಳು. ಶಾಶ್ವತವಾದುದಕ್ಕೆ 'ಸೆರ್', ತಾತ್ಕಾಲಿಕವಾದುದಕ್ಕೆ 'ಎಸ್ತಾರ್' ಎಂಬ ಸುಲಭಸೂತ್ರವನ್ನು ನಾವು ಬಾಯಿಪಾಠ ಮಾಡಿದೆವು. ಆದರೆ ಮುಂದಿನ ಪುಟದಲ್ಲಿಯೇ, ಮೃತಳಾದವಳ ವಿಷಯದಲ್ಲಿ 'ಎಸ್ತಾ ಮುಎರ್ತಾ' ಎಂದೇ ಹೇಳಬೇಕೆಂದಿದ್ದಿತು. ಮರಣಕ್ಕಿಂತ ಶಾಶ್ವತವಾದುದು ಯಾವುದು? ನಮ್ಮ ಗೃಹಿಣಿಯು ಕಾಲವಾಗಿ ಆಗ್ಗೆ ನಾಲ್ಕು ತಿಂಗಳಾಗಿದ್ದಿತು. ಪುಸ್ತಕವನ್ನು ಮುಚ್ಚಿಟ್ಟೆವು.

ಸಮಾಧಾನವು ದೊರೆತುದು ಕನ್ನಡದಿಂದಲೇ. 'ನಾನು ಉಪಾಧ್ಯಾಯನು' ಎಂಬಲ್ಲಿ ಕ್ರಿಯಾಪದವೇ ಬೇಡ; 'ನಾನು ಮನೆಯಲ್ಲಿದ್ದೇನೆ' ಎಂಬಲ್ಲಿ 'ಇರು' ಬೇಕು. ನಿಷೇಧದಲ್ಲಿ ಮೊದಲನೆಯದಕ್ಕೆ 'ಅಲ್ಲ', ಎರಡನೆಯದಕ್ಕೆ 'ಇಲ್ಲ'. 'ಸೆರ್', 'ಎಸ್ತಾರ್' ಎಂಬುವುಗಳ ಭೇದವೂ ಬಹುಮಟ್ಟಿಗೆ ಇಂತಹುದೆ. ಕಾಲದ ಉದ್ದವಲ್ಲ ಮುಖ್ಯ. ಒಂದು ಸ್ವರೂಪವನ್ನು ಹೇಳುವುದು, ಮತ್ತೊಂದು ಸ್ಥಾನವನ್ನೂ ಬಂದೊದಗಿದ ಸ್ಥಿತಿಯನ್ನೂ ಹೇಳುವುದು. ಮರಣವು ಒದಗಿದ ಸ್ಥಿತಿಯೇ ಹೊರತು ಮನುಷ್ಯನ ಸ್ವರೂಪವಲ್ಲ. ವೃತ್ತಿಯು ಮುಗಿದಿದ್ದರೂ 'ಸೋಯ್ ಮಾಎಸ್ತ್ರೊ', ನಾನು ಉಪಾಧ್ಯಾಯನು, ಎಂದು ನಾವು ಅಂದಿನಿಂದ ಧೈರ್ಯವಾಗಿ ಹೇಳತೊಡಗಿದೆವು.

ಒಂದು ಭಾನುವಾರ ಮಗುವು ದೂರವಾಣಿಯಲ್ಲಿ, "ದೋಂದೆ ಎಸ್ತಾ ಅಜ್ಜಿ?" ಎಂದು ಕೇಳಿತು. ಅಜ್ಜಿ ಎಲ್ಲಿದ್ದಾಳೆ? ಮಗನು ಅವಳಿಗೆ ಏನನ್ನೂ ತಿಳಿಸಿರಲಿಲ್ಲ. ಕಲಿತ ವಾಕ್ಯವು ನಾಲಗೆಯ ತುದಿಗೆ ಬಂದರೂ ಹೊರಡಲಿಲ್ಲ. ಕಡೆಗೆ, "ಅಜ್ಜಿ ನೋ ಎಸ್ತಾ" ಎಂದೆವು. ಅಜ್ಜಿ ಇಲ್ಲ. ಕನ್ನಡದಲ್ಲಿ ಆ ಮಾತಿಗಿರುವ ಅರ್ಥವು ಆ ಮಗುವಿಗೆ ತಿಳಿಯುವಂತಿರಲಿಲ್ಲ. ಹೊರಗೆ ಹೋಗಿದ್ದಾಳೆಂದು ತಿಳಿದಿರಬೇಕು. ಮೌನವನ್ನು ಸಹಿಸಲಾರದೆ, "ಅಜ್ಜಿ ಎರಾ ಬುಏನಾ", ಅಜ್ಜಿ ಒಳ್ಳೆಯವಳಾಗಿದ್ದಳು, ಎಂದು ಸೇರಿಸಿದೆವು.

"ನೋ, ತಾತ," ಎಂದು ಮಗುವು ಒಡನೆಯೇ ತಿದ್ದಿತು, "ಎಸ್ ಬುಏನಾ." ಒಳ್ಳೆಯವಳು.

ಹುಡುಗರ ತಪ್ಪುಗಳನ್ನು ತಿದ್ದುವುದರಲ್ಲಿಯೇ ಆಯುಸ್ಸನ್ನು ಕಳೆದ ನಾವು ಈ ತಿದ್ದುಪಡಿಯನ್ನು ಮರುಮಾತಿಲ್ಲದೆ ಅಂಗೀಕರಿಸಿದೆವು.