ಬಿಸಿಲೂರಿನ ಅಂಬಾಸಡರ್‌ಗೆ ಹಿಮದ ಪಾಠ!

ಪಾವಗಡದಲ್ಲಿ ಬಸ್ಸು ಬದಲಿಸಿ ವೈ.ಎನ್. ಹೊಸಕೋಟೆಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಮೇ ತಿಂಗಳು. ಬಿಸಿಲು ಅಂದರೆ ಎಂಥ ಬಿಸಿಲು ಅಂತೀರಿ! ಈ ತಾಲ್ಲೂಕಿನ ಬಿಸಿಲನ್ನು ನಂಬಿಯೇ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಕುಡಿದು ಬೀದಿಗಿಳಿದರೆ ಮನೆಮನೆಯಿಂದ ಮಗ್ಗದ ಸದ್ದು. ರೇಷ್ಮೆ ಸೀರೆ ನೇಯುವ ಊರಿದು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಒಂದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು.

ಇಂಥ ಊರಿಗೆ ನಾನು ಬಂದದ್ದು ಯಾತಕ್ಕೆ ಗೊತ್ತೆ? ಹಿಮದ ಬಗ್ಗೆ ಬರೆಯಲಿಕ್ಕೆ!

ನಗಬೇಡಿ ಸ್ವಾಮಿ. ಇಲ್ಲಿನ ನಾಲ್ವರು ಹುಡುಗರು ಸೇರಿ ಒಂದು ಹಳೇ ಅಂಬಾಸಡರ್ ಕೊಂಡಿದ್ದಾರೆ. 1988ರ ಮಾಡೆಲ್, ಪೆಟ್ರೋಲ್ ಗಾಡಿ. ಸಿನಿಮಾದಲ್ಲಿ ಹೀರೋ ಹಿಮದ ಉಂಡೆ ಮಾಡಿ ಹೀರೋಯಿನ್ ಮೇಲೆ ಎಸೆಯುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕು, ಅದೂ ತಮ್ಮ ಕಾರಿನಲ್ಲೇ ಹೋಗಬೇಕು ಎಂಬುದು ಅವರ ಹಟ. ಡಿಸೆಂಬರ್‌ನಲ್ಲಿ ಹೊರಟು ಮನಾಲಿ, ಅಲ್ಲಿಂದ ಮೇಲಕ್ಕೆ. ಬೆಂಗಳೂರಿನಿಂದಲೇ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ‘ನೀವೂ ಬನ್ನಿ ಅಣ್ಣಾ, ಫೋಟೋ ಹಾಕಿ ಬರೀರಿ’ ಅಂದರು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನು ನಾನು. ಬಿಟ್ಟಿ ಸೀಟು ಸಿಕ್ಕರೆ ಬಿಡುತ್ತೇನೆಯೆ?

ಶೆಡ್ಡಿಗೆ ಹೋದರೆ ಕಾರಿನ ಬಾನೆಟ್ ಎತ್ತಿದೆ, ರೇಡಿಯೇಟರಿನಿಂದ ಬುಸುಬುಸು ಹಬೆ! ಪಾವಗಡಕ್ಕೆ ಹೋಗಿಬರುವಷ್ಟರಲ್ಲೇ ಕುದಿದುಬಿಟ್ಟಿದೆ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ್ದಾರೆ. ಹಳೇ ಅಂಬಾಸಡರ್ ಓಡಿಸಿದವರಿಗೆ ಈ ವೈದ್ಯ ಗೊತ್ತು. ಬಿಸಿಗೆ ಪೆಟ್ರೋಲು ಆವಿಯಾಗಿ ಗಾಡಿ ನಿಂತರೆ ಒದ್ದೆ ಬಟ್ಟೆಯೇ ಮದ್ದು.

ಆಗ ಪಕ್ಕದ ಕಟ್ಟೆಯಿಂದ ಒಂದು ದನಿ ಬಂತು: “ಅದರೊಳಗೆ ಏನು ಹುಯ್ದಿದ್ದೀರ್ರೋ?”

“ಬೋರ್ ನೀರು, ತಾತ.”

“ಹಂಗಾದ್ರೆ ಮನಾಲೀಲಿ ಒಂದೇ ರಾತ್ರಿಗೆ ಇಂಜಿನ್ ಸೀಳ್ಕಂತದೆ. ಬಸ್ಸಲ್ಲಿ ವಾಪಸ್ ಬರೋಕೆ ದುಡ್ಡು ಮಡಿಕ್ಕಳಿ!”

ಮಿಲ್ಟ್ರಿ ತಾತ!

ಊರವರು ಅವರನ್ನು ಕರೆಯುವುದೇ ಹಾಗೆ. ಎಪ್ಪತ್ತು ದಾಟಿದ ವಯಸ್ಸು, ನೆಟ್ಟಗಿನ ಬೆನ್ನು, ಬಿಳಿ ಮೀಸೆ. ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ಶಕ್ತಿಮಾನ್ ಲಾರಿ, ಜೋಂಗಾ ಜೀಪು ಎರಡನ್ನೂ ಕಾಶ್ಮೀರದ ಘಾಟಿಗಳಲ್ಲಿ ಓಡಿಸಿದ್ದಾರೆ. ಅವರು ಮೂರು ಸಲ ನೋಡಿದ ಸಿನಿಮಾ ಒಂದೇ. ವಿಷ್ಣುವರ್ಧನ್ ಕೊಡಗಿನ ಸೈನಿಕನಾಗಿ ನಟಿಸಿದ, 1990ರ ‘ಮುತ್ತಿನ ಹಾರ’.

“ಈ ಗಾಡಿ ಹಿಮ ತಡೆಯುತ್ತಾ ತಾತ?” ಎಂದೆ.

“ಗಾಡಿ ತಡೀತದೆ ಕಣಪ್ಪ. ಇದರ ತಾಯಿಮನೆ ಎಲ್ಲಿ ಹೇಳು? ಇಂಗ್ಲೆಂಡು! ಚಳೀಲಿ ಹುಟ್ಟಿದ್ದು. ಕೆಡಿಸಿರೋರು ನಾವು.”

ಮಾತು ಸುಳ್ಳಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ 1957ರಲ್ಲಿ ಇಲ್ಲಿ ಅಂಬಾಸಡರ್ ಆದದ್ದು. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದೇ ಮೈಕಟ್ಟು. ಇಂಜಿನ್ನು ಬೇಗ ಬಿಸಿಯಾಗಲೆಂದು ಅದರಲ್ಲಿ ಥರ್ಮೋಸ್ಟಾಟ್ ಎಂಬ ವಾಲ್ವ್ ಇಟ್ಟಿರುತ್ತಾರೆ. ನಮ್ಮ ಮೆಕ್ಯಾನಿಕ್‌ಗಳು ‘ಈ ಬಿಸಿಲಿಗೆ ಇದ್ಯಾಕೆ?’ ಎಂದು ಕಿತ್ತು ಬಿಸಾಡುತ್ತಾರೆ. ಹೊಸಕೋಟೆಯಲ್ಲಿ ಅದರಿಂದ ಹೆಚ್ಚು ತೊಂದರೆಯಿಲ್ಲ. ಹಿಮದಲ್ಲಾದರೆ ಇಂಜಿನ್ನಿಗೆ ಬಿಸಿಯೇ ಏರದು.

“ಇಲ್ಲಿ ಕಲ್ತಿದ್ದನ್ನೆಲ್ಲ ಅಲ್ಲಿ ತಿರುವಿ ಹಾಕ್ಬೇಕು. ಇಲ್ಲಿ ಪಂಪಿಗೆ ಒದ್ದೆ ಬಟ್ಟೆ ಸುತ್ತೀರಿ. ಅಲ್ಲಿ ರೇಡಿಯೇಟರ್ ಮುಂದೆ ಒಣಗಿದ ಗೋಣಿತಾಟು ಕಟ್ಬೇಕು, ಚಳಿಗಾಳಿ ಹೊಡೀದಂಗೆ!”

ನೀರೇ ಶತ್ರು!

ನೀರು ಗಡ್ಡೆ ಕಟ್ಟಿದರೆ ಉಬ್ಬುತ್ತದೆ. 100 ಲೋಟ ನೀರು ಮಂಜುಗಡ್ಡೆಯಾದರೆ ಸುಮಾರು 109 ಲೋಟದಷ್ಟು ಜಾಗ ಬೇಕು. ಇಂಜಿನ್ನಿನ ಬ್ಲಾಕಿನೊಳಗೆ ಆ ಜಾಗ ಎಲ್ಲಿದೆ? ಎರಕದ ಕಬ್ಬಿಣವೇ ಬಿರಿಯುತ್ತದೆ. ಹಿಂದಿನ ಕಾಲದ ಡ್ರೈವರುಗಳು ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ರೇಡಿಯೇಟರಿನ ಮತ್ತು ಬ್ಲಾಕಿನ ನಲ್ಲಿ ತಿರುಗಿಸಿ ಅಷ್ಟೂ ನೀರನ್ನು ಚೆಲ್ಲಿಬಿಡುತ್ತಿದ್ದರು. ಬೆಳಿಗ್ಗೆ ಬಿಸಿನೀರು ಕಾಯಿಸಿ ತುಂಬುವುದು. ಈಗ ಕೂಲಂಟ್ ಸಿಗುತ್ತದೆ. ಒಳ್ಳೆಯ ಗ್ಲೈಕಾಲ್ ಕೂಲಂಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 35 ಡಿಗ್ರಿಯ ಆಸುಪಾಸಿನವರೆಗೂ ಗಡ್ಡೆ ಕಟ್ಟದು. ಆದರೆ ಪಾವಗಡ ಸೀಮೆಯ ಗಡಸು ನೀರು ಕುಡಿದ ರೇಡಿಯೇಟರಿನೊಳಗೆ ಸುಣ್ಣದಂಥ ಪದರ ಕಟ್ಟಿರುತ್ತದೆ. ಮೊದಲು ಅದನ್ನು ತೊಳೆಸಬೇಕು. ಇಲ್ಲದಿದ್ದರೆ ಕೂಲಂಟ್ ಹಾಕಿಯೂ ಪೂರ್ತಿ ಪ್ರಯೋಜನವಿಲ್ಲ.

ಇನ್ನು ಸ್ಟಾರ್ಟ್ ಮಾಡುವ ಪಾಡು! ಚಳಿಗೆ ಬ್ಯಾಟರಿ ಅರ್ಧ ಸತ್ತಿರುತ್ತದೆ, ಇಂಜಿನ್ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿ. ಸೆಲ್ಫ್ ಹೊಡೆದರೆ ‘ಗುರ್‌’ ಎಂದು ಸುಮ್ಮನಾಗುತ್ತದೆ. ಆಗ ಚೋಕ್ ಎಳೆದು ಹ್ಯಾಂಡಲ್ ತಿರುಗಿಸಬೇಕು. “ಹೆಬ್ಬೆರಳು ಸುತ್ತಿ ಹಿಡೀಬೇಡ್ರೋ, ಹ್ಯಾಂಡಲ್ ತಿರುಗಿ ಒದ್ದರೆ ಕೈ ಮುರೀತದೆ!” ಹಳೇ ಕಾರಿನ ಪುಣ್ಯ ನೋಡಿ, ಬ್ಯಾಟರಿ ಸೋತರೂ ತೋಳಿಗೆ ಕೆಲಸ ಉಂಟು. ಡೀಸೆಲ್ ಗಾಡಿಯ ಕಷ್ಟ ಬೇರೆ. ಅದರ ಎಣ್ಣೆಯಲ್ಲಿರುವ ಮೇಣವೇ ಗಟ್ಟಿಯಾಗಿ ಪೈಪು ಕಟ್ಟುತ್ತದೆ. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಲಡಾಖಿಗೆ ಬಂದದ್ದು 2019ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಸೀಮೆಎಣ್ಣೆ ಬೆರೆಸಿ, ಟ್ಯಾಂಕಿನ ಕೆಳಗೆ ಬೆಂಕಿ ಕಾಯಿಸಿ ಓಡಿಸಿದ ಡ್ರೈವರುಗಳೆಷ್ಟೋ.

ಪಾಚಿ ಕಟ್ಟಿದ ಮೆಟ್ಟಿಲು!

“ಹಸೀ ಹಿಮ ಪರವಾಗಿಲ್ಲ. ಕಾಲಿಟ್ರೆ ಕಚಕ್ ಅಂತದೆ, ಟೈರಿಗೆ ಹಿಡಿತ ಐತೆ. ಬೆಳಿಗ್ಗೆ ಹೊತ್ತು ನೆರಳಿರೋ ತಿರುವಲ್ಲಿ ಗಾಜಿನಂಥ ಗಡ್ಡೆ ಕೂತಿರ್ತದೆ ನೋಡು, ರೋಡೇ ಕಾಣ್ತದೆ, ಗಡ್ಡೆ ಕಾಣಲ್ಲ. ಪಾಚಿ ಕಟ್ಟಿದ ಕಲ್ಯಾಣಿ ಮೆಟ್ಟಿಲು ಅದು.”

ಅಂಬಾಸಡರ್, ಫಿಯೆಟ್ ಎರಡಕ್ಕೂ ಇಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಹಿಂದೆ ಭಾರ ಸಾಲದೆ ಏರಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತದೆ, ಸುತ್ತಿದಷ್ಟೂ ಹಿಮ ಕರಗಿ ಇನ್ನೂ ನುಣುಪಾಗುತ್ತದೆ. ಮಾರುತಿ 800ಕ್ಕೆ ಎಳೆಯುವ ಚಕ್ರದ ಮೇಲೇ ಇಂಜಿನ್ನಿನ ಭಾರ ಇರುವುದರಿಂದ ಏರಿನಲ್ಲಿ ಅದೇ ವಾಸಿ. ಅಂಬಾಸಡರ್‌ನವರು ಡಿಕ್ಕಿಯಲ್ಲಿ ಎರಡು ಮೂಟೆ ಮರಳು ಹಾಕಬೇಕು. ಭಾರಕ್ಕೂ ಆಯಿತು, ಚಕ್ರ ಸಿಕ್ಕಿಕೊಂಡರೆ ಟೈರಿನ ಕೆಳಗೆ ಚೆಲ್ಲುವುದಕ್ಕೂ ಆಯಿತು. ಚೈನು ಕಟ್ಟುವುದು ಹಿಂದಿನ ಎರಡು ಚಕ್ರಕ್ಕೆ.

ಸೆಕೆಂಡ್ ಗೇರಿನಲ್ಲಿ ಮೆಲ್ಲಗೆ ಎತ್ತಬೇಕು. ಇಳಿಜಾರಿನಲ್ಲಿ ಗೇರಿನಿಂದಲೇ ಹಿಡಿಯಬೇಕು. ಜೋರಾಗಿ ಬ್ರೇಕ್ ಒತ್ತಿದಿರೋ ಚಕ್ರ ನಿಲ್ಲುತ್ತದೆ, ಕಾರು ನಿಲ್ಲದು! ಹಿಂಬದಿ ಎಡಕ್ಕೆ ಜಾರಿದರೆ ಸ್ಟೀರಿಂಗೂ ಎಡಕ್ಕೆ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದರೆ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದೇ ಇಲ್ಲ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು. ಹಿಮ ಕೂತ ಗಾಜಿಗೆ ಬಿಸಿನೀರು ಹುಯ್ದರೆ ಗಾಜೇ ಪಟ್ಟೆನ್ನುತ್ತದೆ!

ಹುಡುಗರಲ್ಲೊಬ್ಬ, ಮಗ್ಗದ ಮನೆಯವನು, “ಇಷ್ಟೇ ತಾನೆ ತಾತ? ಮಾಡ್ಬಹುದು!” ಎಂದ.

ತಾತ ಜೋಜಿ ಲಾ ಕಥೆ ತೆಗೆದರು. 11,500 ಅಡಿ ಎತ್ತರದ ಆ ಘಾಟಿಗೆ 1948ರಲ್ಲಿ ಇದ್ದದ್ದು ಹೇಸರಗತ್ತೆಯ ದಾರಿ. ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ ಮದರಾಸು ಸ್ಯಾಪರ್ಸ್ ಪಡೆಯವರು ಅದನ್ನು ಅಗಲ ಮಾಡಿದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ನವೆಂಬರ್ 1ರಂದು ಎರಡನೇ ಮಹಾಯುದ್ಧದ ಕಾಲದ ಸ್ಟುವರ್ಟ್ ಟ್ಯಾಂಕುಗಳನ್ನು ಅಲ್ಲಿಗೆ ಹತ್ತಿಸಿ ಶತ್ರುಗಳನ್ನು ಓಡಿಸಿದರು. “ಹಳೇ ಗಾಡಿ ಹತ್ತಿತು. ಯಾಕೆ? ಮುಂದೆ ಸಲಿಕೆ ಹಿಡಿದ ಜನ ಇದ್ರು. ನಿಮ್ಮ ಮುಂದೆ ಯಾರವ್ರೆ?”

ಹುಡುಗ ಮಾತಾಡಲಿಲ್ಲ.

ಆ ಒಂದು ರಾತ್ರಿ...

ತಾತ ಬೀಡಿ ಹಚ್ಚಿದರು. ಅರ್ಧ ಸೇದಿದ ಮೇಲೆ ಹೇಳಿದರು.

ಎಪ್ಪತ್ತರ ದಶಕದ ಒಂದು ಚಳಿಗಾಲ. ಸೋನಮಾರ್ಗದ ಕಡೆಯ ರಸ್ತೆಯಲ್ಲಿ ಸಂಜೆ ಹಿಮ ಸುರಿದು ಗಾಡಿಗಳೆಲ್ಲ ನಿಂತುಬಿಟ್ಟವು. ಇವರ ಲಾರಿಯ ಹಿಂದೆ ಒಂದು ಟ್ಯಾಕ್ಸಿ. ಅದೂ ಪೆಟ್ರೋಲ್ ಅಂಬಾಸಡರ್. ಡ್ರೈವರು ನಡುವಯಸ್ಸಿನವ, ಜೊತೆಗೆ ಹದಿನೆಂಟರ ಹುಡುಗ. “ಇಂಜಿನ್ ಬಂದ್ ಮಾಡ್ಲಾ ಭಾಯ್?” ಎಂದು ಅವನು ಕೇಳಿದ. “ಮಾಡಬೇಡ, ಬೆಳಿಗ್ಗೆ ಸ್ಟಾರ್ಟ್ ಆಗಲ್ಲ” ಎಂದರು ಇವರು.

“ಇಂಜಿನ್ನಿಗೆ ಸರಿಯಾದ ಮಾತೇ ಹೇಳಿದ್ದೆ ಕಣಪ್ಪಾ. ರಾತ್ರಿಯೆಲ್ಲ ಹಿಮ ಬಿತ್ತು. ಸೈಲೆನ್ಸರ್ ಮುಚ್ಚಿಹೋಯ್ತು. ಹೊಗೆ ಆಚೆ ಹೋಗ್ದೆ ಒಳಗೆ ತುಂಬ್ಕಂತು. ಚಳಿಗೆ ಗಾಜೆಲ್ಲ ಬಿಗಿಯಾಗಿ ಏರ್ಸಿದ್ರು. ಬೆಳಿಗ್ಗೆ ಹೋಗಿ ತಟ್ಟಿದೆ. ಇಬ್ರೂ ನಿದ್ದೆ ಮಾಡ್ದಂಗೇ ಇದ್ರು.”

ಶೆಡ್ಡಿನಲ್ಲಿ ಯಾರೂ ಉಸಿರೆತ್ತಲಿಲ್ಲ. ದೂರದಲ್ಲಿ ಮಗ್ಗದ ಸದ್ದು.

ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೊತ್ತಾಗುವುದರೊಳಗೆ ಮಂಪರು. ಇದು ಹಳೇ ಕಾಲದ ಕಥೆಯಷ್ಟೇ ಅಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮದಲ್ಲಿ ಹಿಮ ನೋಡಲು ಬಂದವರ ಕಾರುಗಳು ಸಾಲಾಗಿ ಹೂತುಹೋದವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಕೆಲವರ ಪ್ರಾಣ ತೆಗೆದದ್ದು ಇದೇ ವಿಷಾನಿಲ ಎಂದು ಅಲ್ಲಿನವರೇ ಹೇಳಿದರು.

“ಗಾಡಿ ಕೆಟ್ರೆ ಕೆಡ್ಲಿ. ಹಿಮ ಬೀಳೋವಾಗ ಒಳಗೆ ಕೂತು ಇಂಜಿನ್ ಓಡಿಸ್ಕಂಡು ಮಲಗ್ಬೇಡಿ. ಓಡಿಸೋದಾದ್ರೆ ಮೊದಲು ಇಳಿದು ಸೈಲೆನ್ಸರ್ ಸುತ್ತ ಹಿಮ ಬಗೀರಿ, ಗಾಜು ಎರಡು ಬೆರಳು ಇಳಿಸಿ, ಒಬ್ಬ ಎದ್ದಿರಿ. ಐದ್ಹತ್ತು ನಿಮಿಷ ಓಡ್ಸಿ ಬಂದ್ ಮಾಡಿ. ಆ ಮಾತು ನಾನು ಅವತ್ತು ಹೇಳ್ಲಿಲ್ಲ.”

ಕೊನೆಗೆ ತೀರ್ಮಾನವಾದದ್ದು ಹೀಗೆ. ಕಾರು ಮನಾಲಿವರೆಗೆ ಮಾತ್ರ. ಹಿಮ ಬಿದ್ದ ದಿನ ಅಲ್ಲಿಂದ ಮೇಲಕ್ಕೆ ನಾಲ್ಕೂ ಚಕ್ರ ಎಳೆಯುವ ಗಾಡಿಗಳನ್ನಷ್ಟೇ ಪೊಲೀಸರು ಬಿಡುವುದುಂಟು. ರೋಹ್ತಾಂಗದ ಅಡಿಯಲ್ಲಿ 2020ರಲ್ಲಿ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ ತೆರೆದಿದೆ, ನಿಜ. ಆದರೆ ಸುರಂಗದ ಬಾಯಿವರೆಗಿನ ರಸ್ತೆ ಹಿಮದಲ್ಲೇ ಇದೆಯಲ್ಲ! ಅಲ್ಲಿಗೆ ಅಲ್ಲಿಯವರದೇ ಜೀಪು, ಅಲ್ಲಿಯವನೇ ಡ್ರೈವರು.

ತಾತ ಎದ್ದು ಬಂದು ಹುಡುಗರ ಕೈಯಲ್ಲೇ ರೇಡಿಯೇಟರಿನ ನಲ್ಲಿ ತಿರುಗಿಸಿದರು. ಅದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಹಾಕಿ, ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದಾಗ ಕೆಂಪು ನೀರು ಸುರಿದು ಹೊಸಕೋಟೆಯ ಕಾದ ನೆಲದಲ್ಲಿ ಕ್ಷಣದಲ್ಲೇ ಇಂಗಿಹೋಯಿತು. “ನೋಡಿದ್ರಾ? ಈ ನಲ್ಲಿ ಅಲ್ಲಿ ರಾತ್ರಿ ಹೊತ್ತು ಕೈಕೊಟ್ಟಿದ್ರೆ?”

ಸಂಜೆಯ ಬಸ್ಸಿಗೆ ಪಾವಗಡಕ್ಕೆ ಹೊರಟೆ. ಹುಡುಗರು ಸಾಮಾನಿನ ಪಟ್ಟಿ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದ್ದಾರೆ. ಕೂಲಂಟ್ ಒಬ್ಬನಿಗೆ, ಚೈನು ಒಬ್ಬನಿಗೆ, ಮರಳಿನ ಮೂಟೆ ಇಬ್ಬರಿಗೆ. ಡಿಸೆಂಬರಿನಲ್ಲಿ ನನ್ನ ಸೀಟು ಖಾಯಂ. ನನ್ನ ಪಾಲಿಗೆ ಬಂದದ್ದು ಸಲಿಕೆ.